ನಡಕೊಳ್ಳುವವರಿಲ್ಲದ ದೇವರು

ಅವರು ತೀರಿಕೊಂಡ ಸುದ್ದಿ ನನಗೆ ಒಂದು ತಾಮ್ರದ ಕೊಡದಿಂದ ತಿಳಿಯಿತು. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂ ಕಡೆಯ ಪ್ಯಾಸೆಂಜರ್ ಹತ್ತಿದ್ದೆ. ಎದುರಿನ ಸೀಟಿನ ಹೆಂಗಸು ಆ ಕೊಡವನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುಳಿತಿದ್ದಳು. ಒಳಗಿನ ತವರದ ಕಲಾಯಿ ಪೂರ್ತಿ ಹೋಗಿ ತಾಮ್ರ ಕೆಂಪಗೆ ಕಾಣುತ್ತಿತ್ತು. ಎಲ್ಲಿಗೆ ಎಂದು ಕೇಳಿದೆ.

“ತಾಂಡೂರಿಗ್ರಿ. ಚಿತ್ತಾಪುರದಾಗ ಕಲಾಯಿ ಹಾಕ್ತಿದ್ದ ಮುದುಕ ಸತ್ತ. ಈಗ ಈ ಒಂದು ಕೊಡದ ಸಲುವಾಗಿ ಟಿಕೀಟ ತಗೊಂಡು ತಾಂಡೂರ ತನಾ ಹೋಗಬೇಕಾಗ್ಯಾದ ನೋಡ್ರಿ.”

“ಯಾವಾಗ ಸತ್ತರು?”

“ತೊಗರಿ ರಾಶಿ ನಡದಿತ್ತಲ್ರಿ, ಆವಾಗ. ನಿಮಗ ಪರಿಚಯ ಏನ್ರಿ?”

ಪರಿಚಯ ಎನ್ನಬೇಕಿತ್ತು. “ಹೆಸರು ಕೇಳಿದ್ದೆ” ಎಂದೆ. ಗಾಡಿ ಚಿತ್ತಾಪುರದಲ್ಲಿ ನಿಂತಿತು, ಹೊರಟಿತು. ಸೇಡಂನ ಕಾಲೇಜಿನಲ್ಲಿ ಪಾಠ ಮಾಡಲು ನಾನು ಶಹಾಬಾದಿನಿಂದ ಈ ದಾರಿಯಲ್ಲಿ ಓಡಾಡತೊಡಗಿ ಹನ್ನೊಂದು ವರ್ಷವಾಯಿತು. ಒಂದು ದಿನವೂ ಆ ಸ್ಟೇಷನ್ನಿನಲ್ಲಿ ಇಳಿದಿರಲಿಲ್ಲ. ಅಂದೂ ಇಳಿಯಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯಲ್ಲಿ ಅಚ್ಚಾಗಿತ್ತು, ತಂದೆಯ ಹೆಸರಿನ ಸಮೇತ. ಅಷ್ಟು ಸಾಕು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಗಿಡ್ಡ ಆಳು, ಅಗಲವಾದ ಅಂಗೈ. ಗಡ್ಡದಲ್ಲಿ ಯಾವಾಗಲೂ ಒಂದಿಷ್ಟು ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಕಾದ ಪಾತ್ರೆಯ ಒಳಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಬೆಳ್ಳನೆ ಹೊಗೆ ಏಳುತ್ತಿತ್ತು. ಹೊಗೆ ಕರಗುವಷ್ಟರಲ್ಲಿ ಪಾತ್ರೆ ಕನ್ನಡಿಯಾಗಿರುತ್ತಿತ್ತು. ದೊಡ್ಡ ಹಂಡೆ ಬಂದರೆ ಅದರೊಳಗೇ ಇಳಿದು, ಗೋಡೆ ಹಿಡಿದು ನಿಂತು, ಸೊಂಟ ತಿರುಗಿಸುತ್ತ ಕಾಲಿನಿಂದ ಮರಳು ಉಜ್ಜುತ್ತಿದ್ದರು. ಪಕ್ಕದ ಬಟ್ಟೆ ಅಂಗಡಿಯವರು ಕೂಗಿ ಹೇಳುತ್ತಿದ್ದರು, “ಕಲಾಯಿ ಸಾಬ್, ಈ ವಯಸ್ಸಿನ್ಯಾಗ ಕುಣ್ಯಾದು ಚಂದ ಕಾಣಲ್ಲ.” ಚಾಚಾ ಹಂಡೆಯೊಳಗಿಂದಲೇ ಉತ್ತರ ಕೊಡುತ್ತಿದ್ದರು. “ನೀವು ಗಿರಾಕಿ ಮುಂದ ಬಾಯಿಲೆ ಕುಣೀತೀರಿ, ನಾ ಕಾಲಿಲೆ. ಹೊಟ್ಟಿ ಇಬ್ಬರಿಗೂ ಅದ.”

ಈ ಮಾತು ಅವರು ಹೀಗೇ ಹೇಳಿದರೆಂದು ನಾನು ಪ್ರಮಾಣ ಮಾಡಲಾರೆ. ಹನ್ನೆರಡು ವರ್ಷದ ಹಿಂದಿನ ಡೈರಿ ಈಗ ನನ್ನ ಮುಂದಿದೆ. ಅದರಲ್ಲಿ “ಕಲಾಯಿಯವರು ತಮಾಷೆಯ ಮನುಷ್ಯ” ಎಂದಷ್ಟೇ ಇದೆ. ಉಳಿದದ್ದನ್ನು ನೆನಪು ತುಂಬಿಕೊಟ್ಟಿದೆ, ಮತ್ತು ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಕೆಲಸ ಮಾಡಿದೆ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಮ್ಮ ಭಾಗದಲ್ಲಿ ಸಿಕ್ಕ ರೋಮನ್ ಕಂಚಿನ ನಾಣ್ಯಗಳು, ಅವುಗಳ ಮೇಲಿನ ದೇವತೆಗಳು. ವಿಷಯ ಚೆನ್ನಾಗಿತ್ತು, ನಾಣ್ಯಗಳೇ ಇರಲಿಲ್ಲ. ಮ್ಯೂಜಿಯಮ್ಮಿನ ಗಾಜಿನ ಹಿಂದೆ ಇದ್ದ ಹನ್ನೆರಡನ್ನು ಮೊದಲೇ ಬೇರೆಯವರು ಬರೆದು ಮುಗಿಸಿದ್ದರು. ಚಿತ್ತಾಪುರದ ಕಲಾಯಿ ಅಂಗಡಿಯಲ್ಲಿ ಹಳೆಯ ಕಾಸಿನ ಡಬ್ಬಿ ಇದೆ ಎಂದು ಯಾರೋ ಅಂದರು. ಹೋದೆ.

ಹಾಲಿನ ಪುಡಿಯ ಹಳೆಯ ಡಬ್ಬಿ. ಅದರ ಮುಕ್ಕಾಲು ಭಾಗ ಸಣ್ಣ ಸಣ್ಣ ನಾಣ್ಯ, ಹೆಚ್ಚಿನವು ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡವು. ಭೀಮಾ ದಂಡೆಯ ರೈತನೊಬ್ಬನಿಗೆ ಬಾವಿ ತೋಡುವಾಗ ಮಡಕೆಯೊಂದು ಸಿಕ್ಕಿತ್ತಂತೆ. ಹಳೆ ತಾಮ್ರವೆಂದು ಆತ ತೂಕಕ್ಕೆ ತಂದಿದ್ದ. ಚಾಚಾ ಅವನ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಟ್ಟು ಇವನ್ನು ಇಟ್ಟುಕೊಂಡಿದ್ದರು. ಹಳೆ ತಾಮ್ರ, ಕಂಚು ಕರಗಿಸಿ ಹಿಡಿಕೆ, ಗಂಟೆ ಎರೆಯುವ ಕೆಲಸವನ್ನೂ ಅವರು ಮಾಡುತ್ತಿದ್ದರು. ಆದರೆ ಈ ಡಬ್ಬಿಯನ್ನು ಇಪ್ಪತ್ತು ವರ್ಷ ಕರಗಿಸಿರಲಿಲ್ಲ.

ಯಾಕೆ ಎಂದು ಕೇಳಿದೆ.

“ಮ್ಯಾಲ ದೇವರು ಅವ ಬೇಟಿ. ಯಾರವೋ ಏನೋ. ನಮ್ಮಾಗ ಮೂರ್ತಿ ಇಲ್ಲ, ಖರೆ. ಹಂಗಂತ ಮಂದಿ ದೇವರಿಗಿ ಬೆಂಕಿಗಿ ಹಾಕ್ಲಾಕ ನನಗ ಯಾರು ಹೇಳ್ಯಾರ? ಇದು ಅಮಾನತ್, ಮತ್ತೊಬ್ಬರದು ನಮ್ಮ ಕೈಯಾಗ ಇಟ್ಟಂಗ. ನಡಕೋಳಾರು ಯಾರರ ಬಂದು ಕೇಳಿದ್ರ ಕೊಡಬೇಕು.”

ನಡಕೊಳ್ಳುವುದು ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಕಡೆ ದೇವರನ್ನು ನಂಬುತ್ತೀರಾ ಎಂದು ಯಾರೂ ಕೇಳುವುದಿಲ್ಲ. ಯಾವ ದೇವರಿಗೆ ನಡಕೋತೀರಿ ಎಂದು ಕೇಳುತ್ತಾರೆ. ಅಂದರೆ ವರ್ಷಕ್ಕೊಮ್ಮೆ ಹೋಗುವುದು, ಹೋಗಲಾಗದಿದ್ದರೆ ಒಂದು ಕಾಯಿ ತೆಗೆದಿಡುವುದು, ಮಕ್ಕಳಿಗೆ ಆ ಹೆಸರಿಡುವುದು, ಮನೆಯಲ್ಲಿ ಕೆಡುಕಾದರೆ ಏನು ತಪ್ಪಿತೆಂದು ಯೋಚಿಸುವುದು. ದರ್ಗಾಕ್ಕೆ ನಡಕೊಳ್ಳುವ ಲಿಂಗಾಯತರಿದ್ದಾರೆ. ಊರ ದೇವಿಗೆ ನಡಕೊಳ್ಳುವ ಮುಸ್ಲಿಮರಿದ್ದಾರೆ. ಮೊದಲ ದಿನವೇ ಚಾಚಾ ನನ್ನನ್ನೂ ಕೇಳಿದರು. “ನೀವು ಯಾರಿಗಿ ನಡಕೋತೀರಿ?”

“ನಾನು ಯಾರಿಗೂ ನಡಕೊಳ್ಳಲ್ಲ ಚಾಚಾ.”

ಅವರು ಬೆಂಕಿಗೆ ಗಾಳಿ ಊದುವ ತಿದಿ ಒತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಚಲೋ ಆಯ್ತು. ಯಾರಿಗೂ ನಡಕೊಳ್ಳಲಾರದವರು ದೇವರ ಮ್ಯಾಲ ಪುಸ್ತಕ ಬರೀಲಾಕತ್ತಾರ.”

ನಾಲ್ಕೋ ಐದೋ ಶನಿವಾರ ಹೋದೆ. ಅಂಗಡಿಯ ನೆಲ ನಮ್ಮ ಶಹಾಬಾದಿನ ಪರಸಿ ಕಲ್ಲಿನದು, ಸುಟ್ಟು ಸುಟ್ಟು ಕಪ್ಪಾಗಿತ್ತು. ಅದರ ಮೇಲೆ ಗೋಣಿ ಹಾಸಿ ನನ್ನನ್ನು ಕೂರಿಸುತ್ತಿದ್ದರು. ಹಿಂದಿನ ಮನೆಯಿಂದ ಅವರ ಹೆಂಡತಿ, ಚಾಚಿ, ಚಹಾ ಕಳಿಸುತ್ತಿದ್ದರು, ಸಕ್ಕರೆಯ ಪಾನಕದಂಥ ಚಹಾ. ಡಬ್ಬಿಯನ್ನು ಅಂಗಡಿಯಲ್ಲೇ ಯಾಕೆ ಇಡುತ್ತೀರಿ, ಮನೆಯಲ್ಲಿ ಜೋಪಾನವಲ್ಲವೇ ಎಂದೆ. ನಮಾಜ್ ಓದುವ ಕೋಣೆಯಲ್ಲಿ ಅದನ್ನು ಇಡುವಂತಿಲ್ಲ, ಬಚ್ಚಲ ಕಡೆ ಇಡುವುದು ಸರಿಯಲ್ಲ, ಅಡುಗೆ ಮನೆಯಲ್ಲಿ ಚಾಚಿ ಬಿಡುವುದಿಲ್ಲ ಎಂದರು. ಎರಡು ಮತಗಳಿಗೂ ಅಪಚಾರವಾಗದ ಒಂದು ಗೂಡನ್ನು ಅವರು ಆ ಅಂಗಡಿಯ ಗೋಡೆಯಲ್ಲಿ ಹುಡುಕಿಕೊಂಡಿದ್ದರು. ನಾನು ಅದನ್ನು ಅಂದು ಡೈರಿಯಲ್ಲಿ “ಮುಗ್ಧತೆ” ಎಂದು ಬರೆದಿದ್ದೇನೆ.

ದೇವತೆಗಳಿಗೆ ಅವರೇ ಹೆಸರಿಟ್ಟಿದ್ದರು. ಕೈಯಲ್ಲಿ ತಕ್ಕಡಿ ಹಿಡಿದ ಹಣದ ದೇವತೆ ಮೊನೇಟಾ ಅವರಿಗೆ ತಕ್ಕಡಿ ಬಾಯಿ; ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತಾರೆ. ಬಟ್ಟಲಿನಿಂದ ಹಾವಿಗೆ ಉಣಿಸುವ ಸಾಲುಸ್, ಆರೋಗ್ಯದ ದೇವತೆ, ಹಾವಿನ ಬಾಯಿ. ಮಾಲೆ ಹಿಡಿದು ಹಾರುವ ಗೆಲುವಿನ ದೇವತೆ ವಿಕ್ಟೋರಿಯಾ ರೆಕ್ಕಿ ಬಾಯಿ. ದೇವರಾಜ ಜುಪಿಟರನ ಕಾಲಬಳಿಯ ಹದ್ದನ್ನು ಕೋಳಿ ಎಂದು ತಿಳಿದು ಅವನಿಗೆ ಕೋಳಿ ಸಾಹೇಬ ಎಂದಿದ್ದರು. ಹದ್ದೆಂದು ನಾನು ತಿದ್ದಿದಾಗ ಸ್ವಲ್ಪ ಸಪ್ಪಗಾದರು. “ಕೋಳಿ ಇದ್ದಿದ್ರ ನಮ್ಮಂಥಾವ ಅನಸ್ತಿತ್ತು.” ತಲೆಯ ಸುತ್ತ ಕಿರಣ ಮೂಡಿ, ಬಲಗೈ ಎತ್ತಿ, ಎಡಗೈಯಲ್ಲಿ ಗೋಲ ಹಿಡಿದು ನಿಂತ ಸೂರ್ಯದೇವ ಕಿರಣದ ಹುಡುಗ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ಯಾವುದು ಯಾರೆಂದು ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ನಾನು ಲೆನ್ಸ್ ಹಿಡಿದು ಅರ್ಧ ತಾಸು ನೋಡಿ, ಕೊನೆಗೆ ಅವರ ಹೆಬ್ಬೆರಳು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದೆ.

ಒಂದು ಶನಿವಾರ ಅವರು ನಾಣ್ಯವೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನಗತೊಡಗಿದರು.

“ಬೇಟಿ, ಇದಕ್ಕ ಕಲಾಯಿ ಆಗ್ಯಾದ.”

“ಏನು?”

“ನೋಡ್ರಿ, ಈ ಅಕ್ಷರದ ಸಂದ್ಯಾಗ. ಬೆಳ್ಳಗದ. ತವರ ಅಲ್ಲ, ಬೆಳ್ಳಿ. ನಿಮ್ಮ ರಾಜಾಗ ಬೆಳ್ಳಿ ಕಮ್ಮಿ ಬಿದ್ದಾದ. ಕಂಚಿಗಿ ಬೆಳ್ಳಿ ಬಳದು ಬೆಳ್ಳಿ ಅಂತ ನಡಸ್ಯಾನ. ನಾ ಮಾಡಿದ್ರ ಮಂದಿ ಹೊಡೀತಾರ, ಅಂವ ಮಾಡಿದ್ರ ಕಾಸಿನ ಮ್ಯಾಲ ತನ್ನ ಮಾರಿ ಬ್ಯಾರೆ ಹೊಡಕೊಂಡಾನ.”

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅದರ ಮೇಲಿದೆ. ಈ ನಾಣ್ಯಗಳ ಬೆಳ್ಳಿ ಲೇಪದ ಗುರುತು ಎಲ್ಲೆಲ್ಲಿ ಉಳಿದಿದೆ, ಅದರಿಂದ ಯಾವುದು ಹೆಚ್ಚು ಕೈ ಬದಲಿಸಿದೆ ಎಂದು ಊಹಿಸಬಹುದು ಎಂಬ ವಾದ. ಪರೀಕ್ಷಕರು ಮೆಚ್ಚಿದ ಅಧ್ಯಾಯ. “ಸೂಕ್ಷ್ಮವಾಗಿ ಪರಿಶೀಲಿಸಿದಾಗ ಕಂಡುಬರುತ್ತದೆ” ಎಂದು ಶುರುವಾಗುತ್ತದೆ. ಯಾರು ಪರಿಶೀಲಿಸಿದರು ಎಂದು ಆ ವಾಕ್ಯ ಹೇಳುವುದಿಲ್ಲ. ಪ್ರಬಂಧದ ಭಾಷೆಗೆ ಆ ಅನುಕೂಲವಿದೆ.

ಈಗ ಆ ಕೊನೆಯ ಶನಿವಾರ.

ಡೈರಿಯ ಪುಟ ಹೀಗಿದೆ: “ಏಳು ನಾಣ್ಯಗಳ ಪೆನ್ಸಿಲ್ ಅಚ್ಚು ತೆಗೆದೆ. ಉಳಿದವು ಮುಂದಿನ ಸಲ ಫೋಟೋ ಸಮೇತ. ಚಹಾ ಎರಡು ಸಲ. ಗಾಡಿ ತಡ.” ಇಷ್ಟೇ. ನನ್ನ ನೆನಪಿನಲ್ಲಿ ಮಾತ್ರ ಬೇರೆ ಒಂದು ಪ್ರಶ್ನೆ ಇದೆ. ಕೆಲಸ ಮುಗಿಸಿ ಡಬ್ಬಿ ಮುಚ್ಚುವಾಗ ಚಾಚಾ ಕೇಳಿದರು.

“ಬೇಟಿ, ನೀವು ಇಷ್ಟು ಓದೀರಿ. ಖರೆ ಹೇಳ್ರಿ. ಈಗ ಇವಕ್ಕ ಯಾರರ ನಡಕೋತಾರೇನು? ಈ ದೇಶದಾಗ ಇಲ್ಲಂದ್ರ ಹೊರಗಿನ ದೇಶದಾಗ?”

“ಯಾರೂ ಇಲ್ಲ ಚಾಚಾ. ನಡಕೊಳ್ಳುವುದು ನಿಂತು ಸಾವಿರದೈನೂರು ವರ್ಷದ ಮೇಲಾಯಿತು. ಇವು ಸತ್ತ ದೇವರು.”

“ಒಬ್ಬರೂ ಇಲ್ಲ?”

“ಒಬ್ಬರೂ ಇಲ್ಲ.”

ಎಲ್ಲಕ್ಕೂ ಸೇರಿಸಿ ಒಮ್ಮೆ ಕೇಳಿದರೋ, ಒಂದೊಂದನ್ನೇ ಎತ್ತಿ ತೋರಿಸಿ ಕೇಳಿದರೋ, ನನಗೆ ನೆನಪಿಲ್ಲ. ನನ್ನ ದನಿ ಮಾತ್ರ ನೆನಪಿದೆ. ಪ್ರಶ್ನೆಗೆ ಖಚಿತ ಉತ್ತರ ಗೊತ್ತಿರುವ ಹುಡುಗಿಯ ದನಿ. ಮುಂದಿನ ಸಲ ನಮ್ಮ ಮಾರ್ಗದರ್ಶಕರನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿತನಕ ಹೀಗೇ ಇಟ್ಟಿರಿ ಎಂದು ಹೇಳಿದೆನೆಂದು ಬಹಳ ವರ್ಷ ನಂಬಿದ್ದೆ. ಡೈರಿಯಲ್ಲಿ ಇಲ್ಲ. ಹೇಳಿರಲಿಕ್ಕಿಲ್ಲ. ಇಪ್ಪತ್ತು ವರ್ಷ ಇಟ್ಟವರು ಇನ್ನೆರಡು ತಿಂಗಳು ಇಡುತ್ತಾರೆಂದು ನನಗೆ ಹೇಳುವ ಅಗತ್ಯವೇ ಕಂಡಿರಲಿಲ್ಲ.

ನನಗೆ ಕಾಮಾಲೆಯಾಯಿತು. ಮೂರು ತಿಂಗಳು ಕಳೆದು, ಮಾರ್ಗದರ್ಶಕರ ಜೊತೆ ಜೀಪಿನಲ್ಲಿ ಹೋದೆ. ಚಾಚಾ ಎದ್ದು ನಿಂತು ಕೈ ಒರೆಸಿಕೊಂಡರು. ಮುಖದಲ್ಲಿ ಮಗಳ ಮದುವೆ ಮುಗಿಸಿದವರ ನಿರಾಳ.

“ಬರ್ರಿ ಬೇಟಿ, ಕುಂದ್ರಿ. ನಾ ಹಗುರಾದೆ.”

ಗೂಡು ಖಾಲಿಯಾಗಿತ್ತು.

“ಡಬ್ಬಿ ಎಲ್ಲಿ ಚಾಚಾ?”

“ಕರಗಿಸ್ದೆ. ಸೀಸ ಭಾಳ ಇತ್ತು, ಉಣ್ಣೂ ಪಾತ್ರಿಗಿ ಬರಂಗಿಲ್ಲ. ಗಂಟಿ ಎರದು ಆ ರೈತಗೇ ಕೊಟ್ಟೆ. ಎತ್ತಿನ ಕೊಳ್ಳಾಗ ಕಟ್ಟ್ಯಾನ. ಅವನ ಹೊಲದ್ದು ಅವನಿಗೇ ಹೋಯ್ತು.”

ಮಾರ್ಗದರ್ಶಕರು ಕೂಗಾಡತೊಡಗಿದರು. ಮೂರ್ಖ, ದೇಶದ ಆಸ್ತಿ, ಜೈಲು. ಚಾಚಾ ಅರ್ಥವಾಗದೆ ನನ್ನ ಕಡೆ ತಿರುಗಿದರು. ನಾನೂ ಅದೇ ದನಿಯಲ್ಲಿ ಕೇಳಿದೆ, “ಯಾಕೆ ಹೀಗೆ ಮಾಡಿದಿರಿ ಚಾಚಾ?”

“ನೀವೇ...” ಎಂದರು.

ಮಾರ್ಗದರ್ಶಕರು ಥಟ್ಟನೆ ನನ್ನ ಮುಖ ನೋಡಿದರು. ಚಾಚಾ ಅದನ್ನು ಕಂಡರು. ಅವರು ಮಾತು ನುಂಗಿದ್ದು ನನಗೆ ಕಾಣಿಸಿತು. “ನನಗ ತಿಳೀಲಿಲ್ರಿ ಸಾಹೇಬ್ರ” ಎಂದರು, ಅವರ ಕಡೆ ತಿರುಗಿ.

ಆ ಮಾತನ್ನು ಮುಗಿಸಲು ನನಗೂ ಅವಕಾಶವಿತ್ತು. ಒಂದೇ ವಾಕ್ಯ. ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಏನೋ ಬರೆಯುವವಳಂತೆ ತಲೆ ತಗ್ಗಿಸಿದೆ. ಆ ಪುಟ ಈಗಲೂ ಇದೆ. ಗೀಟುಗಳಷ್ಟೇ ಇವೆ.

ಅದರ ನಂತರದ್ದು ಬೇಗ ನಡೆಯಿತು. ಪತ್ರಿಕೆಯವರು ಬಂದರು. ಹೇಗಾಯಿತು ಎಂದು ನನ್ನನ್ನು ಕೇಳಿದಾಗ, ಪಾಪ, ಗೊತ್ತಿಲ್ಲದೆ ಮಾಡಿದ್ದಾರೆ ಎಂದೆ. ‘ಪಾಪ’ ಎಂಬ ಮಾತನ್ನು ಸೇರಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಯಾವುದೋ ಕಚೇರಿಯವರು ಬಂದು ಪಂಚನಾಮೆ ಬರೆದು ಅವರ ತಿದಿ, ಲೋಹ ಕರಗಿಸುವ ಮೂಸೆ ಎಲ್ಲ ಒಯ್ದರು. ವಾರಕ್ಕೊಮ್ಮೆ ಕರೆಸಿ ಬೆಂಚಿನ ಮೇಲೆ ಕೂರಿಸಿ ಸಂಜೆ ಕಳಿಸುತ್ತಿದ್ದರಂತೆ. ಬಜಾರಿನಲ್ಲಿ ಅವರನ್ನು ಖಜಾನೆ ನುಂಗಿದವ ಎಂದು ಕರೆದರು. ಮದುವೆಯ ಹಂಡೆಗಳನ್ನು ದೂರದ ಕೊಡ್ಲಿ ಊರಿನಿಂದ ತರುತ್ತಿದ್ದವರು ತರುವುದನ್ನು ಬಿಟ್ಟರು. ಕದ್ದವನೆಂದು ಹೆಸರಾದವನ ಕೈಗೆ ತಾಮ್ರ ಯಾರು ಕೊಡುತ್ತಾರೆ? ಕಡೆಗೆ ಏನೂ ಸಾಬೀತಾಗದೆ ಸಾಮಾನು ವಾಪಸು ಬಂತು. ಹೆಸರು ಬರಲಿಲ್ಲ. ಇದೆಲ್ಲ ನನಗೆ ಬಿಡಿಬಿಡಿಯಾಗಿ ಗಾಡಿಯಲ್ಲಿ, ಕಾಲೇಜಿನ ಪಡಸಾಲೆಯಲ್ಲಿ ಕಿವಿಗೆ ಬೀಳುತ್ತಿತ್ತು. ಕೇಳಿಸಿಕೊಂಡು ಪಾಠಕ್ಕೆ ಹೋಗುತ್ತಿದ್ದೆ.

ಪ್ರಬಂಧ ಪುಸ್ತಕವಾಯಿತು. ಅದರಲ್ಲೊಂದು ಅಡಿಟಿಪ್ಪಣಿ ಇದೆ: “ಈ ನಿಧಿಯು ಸ್ಥಳೀಯ ಕುಶಲಕರ್ಮಿಯೊಬ್ಬರ ಅಜ್ಞಾನದಿಂದ ನಾಶವಾಯಿತು.” ಅವರು ಕಂಡಿದ್ದು ನನ್ನ ಹೆಸರಿನಲ್ಲಿ ನಾಲ್ಕನೆಯ ಅಧ್ಯಾಯವಾಯಿತು. ನಾನು ಆಡಿದ್ದು ಅವರ ಲೆಕ್ಕದಲ್ಲಿ ಅಡಿಟಿಪ್ಪಣಿಯಾಯಿತು.

ಮತ್ತೆ ಮತ್ತೆ ಒಂದು ಸಂಶಯ ನನಗೆ ಆಸರೆಯಾಗಿತ್ತು. ಅವರು ನಿಜವಾಗಿಯೂ ಕೇಳಿದರೇ? ಡೈರಿಯಲ್ಲಿ ಇಲ್ಲ. ಅಪರಾಧಿ ಮನಸ್ಸು ಆಮೇಲೆ ಕಟ್ಟಿಕೊಂಡ ಸಂಭಾಷಣೆ ಇರಬಹುದಲ್ಲ. ತರಗತಿಯಲ್ಲಿ ನಾನೇ ಹೇಳುತ್ತೇನೆ, ಲಿಖಿತ ಆಧಾರವಿಲ್ಲದ ನೆನಪನ್ನು ಇತಿಹಾಸ ಎನ್ನಬೇಡಿ. ಈ ಪಾಠವನ್ನು ನನ್ನಷ್ಟು ಉಪಯೋಗಕ್ಕೆ ತಂದುಕೊಂಡವರು ಕಡಿಮೆ.

ಕೊಡದ ಹೆಂಗಸು ಸಿಕ್ಕ ಮರುವಾರ, ಶನಿವಾರ, ಚಿತ್ತಾಪುರದಲ್ಲಿ ಇಳಿದೆ. ಅಂಗಡಿಯ ಬಾಗಿಲಿಗೆ ಹಲಗೆ ಬಡಿದಿದ್ದರು. ಹಿಂದಿನ ಮನೆಯಲ್ಲಿ ಚಾಚಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ನಾನು ಯಾರೆಂದು ಹೇಳುವ ಮೊದಲೇ, “ಬರ್ರಿ, ಕಾಸಿನ ಮೇಡಮ್ಮರು” ಎಂದರು. ಕುಹಕವಿರಲಿಲ್ಲ. ಇದ್ದಿದ್ದರೆ ಕೂರುವುದು ಸುಲಭವಾಗುತ್ತಿತ್ತು.

“ಚಾಚಾ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರಾ?”

“ಏನು ಹೇಳ್ತಾರ. ಆಫೀಸಿನ್ಯಾಗ ಕೇಳಿದ್ರಂತ, ಕರಗಸಂತ ನಿನಗ ಯಾರು ಹೇಳ್ಯಾರಂತ. ಯಾರೂ ಇಲ್ಲ ಅಂದಾರ. ನಾ ಬೈದೆ. ಆ ಹುಡುಗಿ ಹೆಸ್ರು ಹೇಳಿದ್ರ ಅರ್ಧ ಹೊರೀ ಇಳೀತಿತ್ತಲ್ಲ ಅಂದೆ. ‘ಬ್ಯಾಡ, ಆಕಿ ಇನ್ನಾ ಓದ್ಲಾಕತ್ತಾಳ. ಆಕಿ ಸುಳ್ಳೇನು ಹೇಳಿಲ್ಲ’ ಅಂದ್ರು.”

ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ ಅವರು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಸಿರು ಬಟ್ಟೆಯ ಸಣ್ಣ ಗಂಟಿತ್ತು. ಬಿಚ್ಚಿ ನನ್ನ ಮುಂದೆ ನೆಲದ ಮೇಲೆ ಹರಡಿದರು. ಒಂಬತ್ತು ನಾಣ್ಯ. ನಾನು ಬಗ್ಗಿ ನೋಡಿದೆ. ತಲೆಯ ಸುತ್ತ ಕಿರಣ, ಎತ್ತಿದ ಬಲಗೈ, ಎಡಗೈಯಲ್ಲಿ ಗೋಲ. ಒಂಬತ್ತೂ ಅದೇ. ಕಿರಣದ ಹುಡುಗ.

“ಇವು ಮಾತ್ರ ಯಾಕೆ ಉಳಿದವು ಚಾಚಿ?”

“ನೀವೇ ಹೇಳೀರಂತಲ್ಲ. ಒಂದೊಂದು ತೋರಿಸಿ ಕೇಳ್ಯಾರಂತ. ಈ ಬಾಯಿಗಿ? ಇಲ್ಲ. ಈ ಸಾಹೇಬಗ? ಇಲ್ಲ. ಇದು ತೋರಿಸಿದ್ರ, ಇವ ಸೂರ್ಯ, ಸೂರ್ಯಗ ಇನ್ನಾ ಮಂದಿ ನಡಕೋತಾರ ಅಂದೀರಂತ. ಅದಕ್ಕ ಇವ ಆರಿಸಿ ತೆಗದಾರ. ನಡಕೋಳಾರು ಇರೂದು ಹ್ಯಾಂಗ ಕರಗಿಸ್ತಾರ್ರೀ?”

ಆಗ ನೆನಪಾಯಿತು. ಅಥವಾ ನೆನಪಾಯಿತೆಂದು ಈಗ ಅನ್ನಿಸುತ್ತಿದೆ. ಬೇಸರಿಕೆಯಲ್ಲಿ, ಗಾಡಿಯ ಹೊತ್ತು ನೋಡುತ್ತ, ಉದಾಸೀನವಾಗಿ ಆಡಿದ ಮಾತು. ನನ್ನ ಡೈರಿ ಬಿಟ್ಟದ್ದನ್ನು, ನಾನು ಸಂಶಯದ ಹೆಸರಿನಲ್ಲಿ ಅಳಿಸಿದ್ದನ್ನು, ಆ ಮನುಷ್ಯ ಒಂದು ಅಕ್ಷರ ತಪ್ಪದಂತೆ ಪಾಲಿಸಿದ್ದರು. ಅಜ್ಞಾನದಿಂದ ಎಂದು ನಾನು ಬರೆದದ್ದು ಇದನ್ನು.

“ಆಫೀಸಿನವರಿಗೆ ಇವನ್ನು ತೋರಿಸಲಿಲ್ಲವಾ? ತೋರಿಸಿದ್ದರೆ...”

“ಅವರಿಗೂ ಕೇಳ್ಯಾರ, ಸಾಹೇಬ್ರ ನೀವು ಸೂರ್ಯಗ ನಡಕೋತೀರೇನಂತ. ಹುಚ್ಚ ಹಿಡದದ ಮುದುಕಗ ಅಂತ ಬೈದು ಕಳಿಸ್ಯಾರ.” ಚಾಚಿ ಮೊದಲ ಬಾರಿ ಸ್ವಲ್ಪ ನಕ್ಕರು. “ಬಾಜೂಕಿನ ಬಟ್ಟಿ ಅಂಗಡಿ ಶೆಟ್ಟರು ದಿನಾ ಮುಂಜಾನಿ ಸೂರ್ಯಗ ನೀರು ಬಿಡ್ತಾರ, ಅವರಿಗಿ ಕೊಟ್ಟಬಿಡ್ರಿ ಅಂದೆ. ತಾವಾಗಿ ಬಂದು ಕೇಳಬೇಕು, ನಾವಾಗಿ ಕೊಡಂಗಿಲ್ಲ, ಅಮಾನತ್ ಹಂಗ ಕೊಡೂದಲ್ಲ ಅಂದ್ರು. ಸಾಯೂ ಮುಂದನೂ ಅದೇ ಮಾತು. ಯಾರರ ಬಂದು ಕೇಳಿದ್ರ ಕೊಡು.”

ನನ್ನ ಕೈ ಆಗಲೇ ಬಟ್ಟೆಯ ಅಂಚಿನ ಮೇಲಿತ್ತು. ಒಂಬತ್ತು ನಾಣ್ಯ. ಮೂರರಲ್ಲಾದರೂ ಅಕ್ಷರದ ಸಂದಿಯಲ್ಲಿ ಬೆಳ್ಳಗೆ ಬೆಳ್ಳಿಯ ಗೆರೆ ಕಾಣುತ್ತಿತ್ತು. ಇವು ಸಿಕ್ಕರೆ ಅಡಿಟಿಪ್ಪಣಿಯನ್ನು ತಿದ್ದಬಹುದು, ಅವರ ಹೆಸರನ್ನು ಸರಿಯಾದ ಜಾಗದಲ್ಲಿ ಬರೆಯಬಹುದು ಎಂದು ಯೋಚಿಸಿದೆ. ಅದರ ಜೊತೆಗೇ ಹೊಸ ಲೇಖನವೊಂದರ ಶೀರ್ಷಿಕೆಯೂ ಹೊಳೆಯಿತು. ಯಾವುದು ಮೊದಲು ಹೊಳೆಯಿತೆಂದು ಕೇಳಬೇಡಿ.

“ನಾನು ಕೇಳಲಿಕ್ಕೇ ಬಂದೆ ಚಾಚಿ. ಕೊಡುತ್ತೀರಾ?”

ಚಾಚಿ ನನ್ನನ್ನು ನೋಡಿದರು. ಗಂಡನಿಂದ ಕಲಿತ ಪ್ರಶ್ನೆಯನ್ನು, ಅವರಷ್ಟೇ ಮೆತ್ತಗೆ, ಕೇಳಿದರು.

“ನೀವು ಇದಕ್ಕ ನಡಕೋತೀರೇನ್ರಿ?”

ಹೌದು ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ಸತ್ಯ ಹೇಳಿ ಒಂದು ಡಬ್ಬಿ ಕರಗಿಸಿದವಳು ಸುಳ್ಳು ಹೇಳಿ ಒಂಬತ್ತನ್ನು ಉಳಿಸಿಕೊಳ್ಳಬಹುದಿತ್ತು.

“ಇಲ್ಲ” ಎಂದೆ.

“ಹಂಗಾರ ಇರ್ಲಿ” ಎಂದು ಚಾಚಿ ಬಟ್ಟೆಯ ಅಂಚನ್ನು ನನ್ನ ಕೈಕೆಳಗಿನಿಂದ ಎಳೆದುಕೊಂಡು, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರು. “ಬರ್ತಾರ ಯಾರರ. ಕುಂದ್ರಿ, ಚಹಾ ಇಡ್ತೀನಿ.”